ಮುಚ್ಚಳದಡಿಯ ಹೆಸರು

ನಮ್ಮೂರಿನಿಂದ ಹೊರಗೆ ಹೋಗುವುದು ಸುಲಭ. ಸಂತೆ ಮೈದಾನ ದಾಟಿ, ನೀರಿನ ಟಾಕಿ ದಾಟಿ ಎಡಕ್ಕೆ ತಿರುಗಿದರೆ ಡಾಂಬರು ರಸ್ತೆ ಸಿಗುತ್ತದೆ, ಅದು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಮರಳಿ ಬರುವಾಗ ಮಾತ್ರ ಆ ತಿರುವು ಅಲ್ಲಿರುವುದಿಲ್ಲ. ಅದು ಗಾಡಿಗೆ ಸಿಗಬೇಕು, ನಡೆಸುವವನಿಗೆ ಸಿಗುವುದಿಲ್ಲ. ಗಾಡಿಗೆ ಸಿಗಬೇಕಾದರೆ ಅದರ ಬಾನೆಟ್ಟಿನ ಕೆಳಗೆ, ಎಂಜಿನ್ ಮೇಲೆ ಕೂರುವ ಪ್ಲಾಸ್ಟಿಕ್ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ಒಂದೇ ಒಂದು ಹೆಸರು ಬರೆದಿರಬೇಕು. ಆ ಹೆಸರಿನವರು ಊರಲ್ಲಿ ಇರಬೇಕು, ಉಸಿರಾಡುತ್ತಿರಬೇಕು. ಆಗ ಗಾಡಿ ಸೀದಾ ಬಂದು ಅವರ ಬಾಗಿಲ ಮುಂದೆ ನಿಲ್ಲುತ್ತದೆ. ಇಳಿದವನು ಅದೇ ಮನೆಯಲ್ಲಿ ನಾಲ್ಕು ತುತ್ತು ಉಂಡು ಆಮೇಲೆ ಬೇರೆ ಕಡೆ ಹೋಗಬೇಕು. ಇಷ್ಟೇ ಸಂಗತಿ. ಹೊರಗಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ, ತಮ್ಮೂರಿನದೆಲ್ಲ ಬಹಳ ನೆಟ್ಟಗಿದೆ ಎನ್ನುವವರ ಹಾಗೆ.

ಹೆಸರು ಬರೆಯುವ ಕೆಲಸ ನನ್ನದು. ಮೊದಲು ನನ್ನ ಮಾವ ಬರೆಯುತ್ತಿದ್ದರು. ಅವರ ಕೈ ನಡುಗತೊಡಗಿದ ಮೇಲೆ ಕುಂಚ ನನ್ನ ಕೈಗೆ ಬಂತು. ಸೊಸೆ ಗಾಡಿಗಳ ಬಾನೆಟ್ಟಿನೊಳಗೆ ತಲೆ ಹಾಕುವುದೇ ಎಂದು ಕೆಲವರು ಮೂಗು ಮುರಿದರು. ಅವರ ಗಾಡಿಗಳಿಗೂ ನಾನೇ ಬರೆದೆ. ಅಕ್ಷರ ದುಂಡಗಿರಬೇಕು, ಬಣ್ಣ ತೆಳುವಾಗಿರಬೇಕು, ಬರೆಯುವಾಗ ಆ ಹೆಸರಿನವರು ಎದುರಿಗಿರಬೇಕು. ಬಹುಪಾಲು ಹೆಂಡತಿಯರ ಹೆಸರು, ಅದು ಬಿಟ್ಟರೆ ತಾಯಂದಿರದು. ಒಬ್ಬಾತ ತನ್ನ ಎಮ್ಮೆಯ ಹೆಸರು ಬರೆಸಿದ್ದ, ಅವನ ಗಾಡಿ ಇಂದಿಗೂ ಕೊಟ್ಟಿಗೆಯ ಮುಂದೆಯೇ ನಿಲ್ಲುತ್ತದೆ. ನನ್ನ ಗಂಡ ಯಮನೂರಪ್ಪ ಓಡಿಸುತ್ತಿದ್ದ ಹಪ್ಪಳ ಸಂಘದ ಹಳೇ ಪಿಕಪ್ಪಿನಲ್ಲಿ ನನ್ನ ಹೆಸರಿತ್ತು, ಕಾಶವ್ವ ಎಂದು. ಇಪ್ಪತ್ತೆರಡು ವರ್ಷ ಅದು ಹಪ್ಪಳ ಒಯ್ದು ಉದ್ದಿನಬೇಳೆ, ಉಪ್ಪು, ಔಷಧಿ ಹೇರಿಕೊಂಡು ನನ್ನ ಬಾಗಿಲಿಗೇ ಬಂತು. ಆ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅವನ ಬಗ್ಗೆ ಒಂದು ದಿನವೂ ಚಿಂತೆ ಮಾಡಲಿಲ್ಲ.

ಪೇಡೆ ಅಂಗಡಿಯ ರಾಚಪ್ಪ ದೊಡ್ಡದೊಂದು ಎಸ್‌ಯುವಿ ತರಿಸಿದಾಗ ತೊಂದರೆ ಶುರುವಾಯಿತು. ಹೊಸ ಗಾಡಿಗಳು ನಮ್ಮೂರಿಗೆ ಕಲ್ಲಪ್ಪನ ಲಾರಿಯ ಮೇಲೆ ಸಾಮಾನಿನಂತೆ ಬರುತ್ತವೆ, ಅವನ ಲಾರಿಯಲ್ಲಿ ಅವನ ಅಕ್ಕನ ಹೆಸರಿದೆ. ರಾಚಪ್ಪನ ಬಿಳಿ ಗಾಡಿ ಇಳಿಯಿತು, ಪೂಜೆಯಾಯಿತು, ನಾನು ಬಣ್ಣದ ಡಬ್ಬಿ ಹಿಡಿದು ಹೋದೆ. ಬಾನೆಟ್ ಎತ್ತಿದರೆ ಒಳಗೆ ಮುಚ್ಚಳವೇ ಇಲ್ಲ. ಪೈಪು, ತಂತಿ, ಬೋಲ್ಟು ಎಲ್ಲ ಬೆತ್ತಲೆ ಕೂತಿದ್ದವು. ರಾಚಪ್ಪ ಅವಸರದ ಮನುಷ್ಯ. ಒಂದು ಸುತ್ತು ಹೋಗಿ ಬರುತ್ತೇನೆ, ಆಮೇಲೆ ನೋಡೋಣ ಎಂದ. ಆ ಸುತ್ತು ಇನ್ನೂ ಮುಗಿದಿಲ್ಲ. ಅವನ ಹೆಂಡತಿ ಫೋನಿನಲ್ಲಿ ಗಂಡನನ್ನು ಕೇಳಿಕೊಂಡು ಹಾಲು ಕಾಯಿಸುವುದು, ಖೋವಾ ಹುರಿಯುವುದು ಕಲಿತಳು. ಈಗ ಪೇಡೆ ಮೊದಲಿಗಿಂತ ಚೆನ್ನಾಗಿದೆ ಎಂದು ಜನ ಹೇಳುತ್ತಾರೆ, ಅವಳೆದುರು ಹೇಳುವುದಿಲ್ಲ.

ನಾನು ಶೋರೂಮಿಗೆ ಫೋನು ಮಾಡಿದೆ. ಎತ್ತಿದವನು ಮರ್ಯಾದಸ್ಥ. ಆ ಮುಚ್ಚಳ ಬರೀ ಚಂದಕ್ಕೆ ಇರುತ್ತಿತ್ತು ಮೇಡಂ, ಈಗ ಹೊಸ ಟ್ರಕ್ಕು, ಎಸ್‌ಯುವಿಗಳಿಗೆ ಕೊಡುವುದನ್ನು ನಿಲ್ಲಿಸಿದ್ದಾರೆ, ಅದು ಇಲ್ಲದಿದ್ದರೂ ಗಾಡಿ ಓಡುತ್ತದೆ ಎಂದ. ಓಡುವುದು ನನಗೂ ಗೊತ್ತು, ತಿರುಗಿ ಬರುವುದು ಹೇಗೆ ಎಂದು ಕೇಳಿದೆ. ಆತ ನಕ್ಕ. ನಾನು ಏನೋ ತಮಾಷೆ ಮಾಡಿದೆ ಎಂದುಕೊಂಡಿರಬೇಕು.

ಆಮೇಲೆ ಊರು ತನಗೆ ತೋಚಿದ್ದನ್ನೆಲ್ಲ ಮಾಡಿ ನೋಡಿತು. ಎಂಜಿನ್ ಮೇಲೆಯೇ ಬರೆಸಿದರು, ಗಾಡಿ ಟಾಕಿ ದಾಟುವುದರೊಳಗೆ ಬಣ್ಣ ಸುಟ್ಟು ಹೋಯಿತು. ಬಾನೆಟ್ಟಿನ ಒಳಗೆ ಬರೆಸಿದರು, ಪ್ರತಿ ಚೆಕ್‌ಪೋಸ್ಟಿನಲ್ಲಿ ಅದನ್ನು ಎತ್ತಿ ಬಿಸಿಲಿಗೆ ಹಿಡಿದದ್ದರಿಂದ ಹೆಸರಿನ ಕಸುವು ಹೋಯಿತು. ಬಿಸ್ಕತ್ತಿನ ಡಬ್ಬಿಯ ತಗಡು, ರೆಕ್ಸಿನ್, ಹಳೇ ಹಂಚು, ಬೇರೆ ಊರಿನ ಗುಜರಿಯಿಂದ ತರಿಸಿದ ಮುಚ್ಚಳ, ಯಾವುದೂ ಆಗಿಬರಲಿಲ್ಲ. ಒಟ್ಟು ಒಂಬತ್ತು ಗಾಡಿಗಳು ಹೋದವು, ಮರಳಲಿಲ್ಲ. ಉಳಿದವು ಮನೆಗಳ ಮುಂದೆ ನಿಂತವು. ಹೆಂಗಸರು ಅವುಗಳ ಬಾನೆಟ್ ಮೇಲೆ ಸಂಡಿಗೆ ಒಣಗಿಸಿದರು. ಕೊನೆಗೆ ಊರಿನ ಗುಜರಿಯ ಇಮಾಮಸಾಬ ನಮ್ಮೂರದೇ ಹಳೇ ವ್ಯಾನಿನ ಮುಚ್ಚಳವೊಂದನ್ನು ಹೊಸ ಗಾಡಿಗೆ ತಂತಿಯಲ್ಲಿ ಬಿಗಿದು ಕಟ್ಟಿ ಕಳಿಸಿದ. ಅದು ಮರುದಿನ ಮಧ್ಯಾಹ್ನಕ್ಕೆ ಮರಳಿ ಬಂತು. ವಾರದೊಳಗೆ ಗುಜರಿಯಲ್ಲಿ ಒಂದು ಮುಚ್ಚಳ ಉಳಿಯಲಿಲ್ಲ. ನಾನು ಹಗಲೆಲ್ಲ ಕೂತು ಹಳೇ ಹೆಸರು ಕೆರೆದೆ, ಹೊಸ ಹೆಸರು ಬರೆದೆ.

ಅಷ್ಟು ಹೊತ್ತಿಗೆ ಸಂಘದ ಹಳೇ ಪಿಕಪ್ಪಿನ ಎಂಜಿನ್ನಿಗೆ ಬೆಂಕಿ ಹತ್ತಿ ಗಾಡಿ ಸುಟ್ಟಿತು. ನನ್ನ ಹೆಸರಿದ್ದ ಮುಚ್ಚಳ ಕರಗಿ ಮುದ್ದೆಯಾಯಿತು. ಹೊಸ ಪಿಕಪ್ ಬಂತು, ಅದಕ್ಕೂ ಮುಚ್ಚಳವಿಲ್ಲ. ಉದ್ದಿನಬೇಳೆ ಮುಗಿಯುತ್ತ ಬಂದಿತ್ತು, ಸಂಘದ ನಲವತ್ತು ಹೆಂಗಸರು ಲಟ್ಟಣಿಗೆ ಬದಿಗಿಟ್ಟು ಕೂತಿದ್ದರು, ಔಷಧಿ ಅಂಗಡಿಯ ಕಪಾಟುಗಳು ಖಾಲಿಯಾಗುತ್ತಿದ್ದವು. ಕಲ್ಲಪ್ಪನ ಲಾರಿ ಊರಿನ ಉಳಿದ ಸಾಮಾನಿಗೇ ಸಾಲುತ್ತಿರಲಿಲ್ಲ. ಯಮನೂರಪ್ಪ ಹೋಗಿಯೇ ಬಿಡುತ್ತೇನೆ ಎಂದು ಹಟ ಹಿಡಿದ. ಮುಚ್ಚಳ ಇಲ್ಲದೆ ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆ ಎಂದು ನಾನೂ ಹಟ ಹಿಡಿದೆ. ಊರಲ್ಲಿ ಆಗ ಯಾರ ಗಾಡಿಗೂ ಕಟ್ಟಿರದ ಮುಚ್ಚಳ ಒಂದೇ ಒಂದಿತ್ತು. ಅದು ಕುಂಬಾರ ಓಣಿಯ ಫಕೀರವ್ವನ ಅಂಗಳದಲ್ಲಿ ನಿಂತ ವ್ಯಾನಿನೊಳಗಿತ್ತು.

ಆ ವ್ಯಾನು ಅವಳ ಮಗ ಅಡಿವೆಪ್ಪನದು. ಅವನು ಅದಕ್ಕೆ ಹನ್ನೊಂದು ವರ್ಷ ಮೊದಲೇ ಕಾಮಾಲೆಯಾಗಿ ಮನೆಯಲ್ಲೇ ತೀರಿಕೊಂಡಿದ್ದ. ವ್ಯಾನಿನ ಗಾಲಿ ನೆಲಕ್ಕೆ ಕೂತಿದ್ದರೂ ಫಕೀರವ್ವ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅದರ ಗಾಜು ಒರೆಸುತ್ತಿದ್ದಳು. ಗುಜರಿಯವರು ಎಷ್ಟು ಸಲ ಕೇಳಿದರೂ ಬೈದು ಕಳಿಸಿದ್ದಳು. ನಾನು ಬೈಗುಳಕ್ಕೆ ತಯಾರಾಗಿಯೇ ಹೋದೆ. ಅವಳು ನನ್ನ ಮಾತನ್ನು ಪೂರ್ತಿ ಕೇಳಿದಳು, ಒಳಗಿನಿಂದ ಬೀಗದ ಕೈ ತಂದಳು, ಬಾನೆಟ್ ತೆಗೆಸಿದಳು. ಮುಚ್ಚಳದ ಒಳಗೆ ನನ್ನ ಮಾವನ ಕೈಬರಹದಲ್ಲಿ ಫಕೀರವ್ವ ಎಂದು ಬರೆದಿತ್ತು. ಬಿಸಿಗೆ ಹಳದಿಗಟ್ಟಿದ್ದರೂ ಒಂದು ಅಕ್ಷರ ಮುಕ್ಕಾಗಿರಲಿಲ್ಲ.

"ಒಯ್ಯಿ ತಂಗಿ. ಆದ್ರ ನನ್ನ ಹೆಸರು ಅಳಸಬ್ಯಾಡ," ಎಂದಳು.

ಒಂದು ಮುಚ್ಚಳಕ್ಕೆ ಒಂದೇ ಹೆಸರು ಎನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಗಲಿ ಆಯಿ ಎಂದುಬಿಟ್ಟೆ. ಮನೆಗೆ ಹೋಗಿ ಕೆರೆದರೆ ಇವಳಿಗೇನು ತಿಳಿಯುತ್ತದೆ ಎಂದುಕೊಂಡೆ. ಮನೆಯಲ್ಲಿ ಉಳಿ ಹಿಡಿದು ಕೂತಾಗ ಕೈ ಏಳಲಿಲ್ಲ. ನಾನು ಬೇಕಾದಷ್ಟು ಹೆಸರು ಕೆರೆದವಳು, ಆದರೆ ಅವರೆಲ್ಲ ಸತ್ತವರು, ಇಲ್ಲವೇ ಕೆರಿ ಎಂದು ಹೇಳಿ ಕೊಟ್ಟವರು. ಆಗ ನನ್ನ ಜಾಣತನ ಅಡ್ಡ ಬಂತು. ಡಬ್ಬಿಯಲ್ಲಿ ಕರಿ ಬಣ್ಣ ಇತ್ತು. ಹೆಸರಿನ ಮೇಲೆ ಎರಡು ಸಲ ಕರಿ ಬಣ್ಣ ಬಳಿದೆ, ಒಣಗಿದ ಮೇಲೆ ಅದರ ಮೇಲೆ ಬಿಳಿಯಲ್ಲಿ ಕಾಶವ್ವ ಎಂದು ಬರೆದೆ. ಅಳಿಸಿಲ್ಲ, ಕೊಟ್ಟ ಮಾತು ಉಳಿಯಿತು, ನನ್ನ ಗಂಡನಿಗೆ ಮುಚ್ಚಳವೂ ಆಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಎಂಜಿನ್ನಿನ ಬಿಸಿ ಹಳೇ ಬಣ್ಣದ ಮೇಲೆ ಬಳಿದ ಹೊಸ ಬಣ್ಣವನ್ನು ಏನು ಮಾಡುತ್ತದೆ ಎಂದು ಬೇರೆ ಯಾರಾದರೂ ಕೇಳಿದ್ದರೆ ಗಂಟೆಗಟ್ಟಲೆ ಹೇಳುತ್ತಿದ್ದೆ. ನನ್ನ ವಿಷಯ ಬಂದಾಗ ತಲೆ ಓಡಲಿಲ್ಲ.

ಯಮನೂರಪ್ಪ ಮಂಗಳವಾರ ಬೆಳಿಗ್ಗೆ ಹೋದ. ಬುಧವಾರ ಮಧ್ಯಾಹ್ನ ಬರಬೇಕಿತ್ತು. ನಾನು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿಟ್ಟು ಕೂತೆ. ಎರಡು ಗಂಟೆಗೆ ಫೋನು ಬಂತು.

"ಕಾಶಿ, ಟಾಕಿ ಕಾಣಸ್ತೈತಿ. ಟಾಕಿ ಮ್ಯಾಲ ಕುಂತ ಕಾಗಿ ಸೈತ ಕಾಣಸ್ತೈತಿ. ತಿರುವು ಇಲ್ಲ."

ಇನ್ನೊಂದು ಸುತ್ತು ಹಾಕಿರಿ ಎಂದೆ. ಹಾಕಿದ. ಸಂಜೆಯವರೆಗೆ ಆರು ಸುತ್ತು ಹಾಕಿದ. ಗಾಡಿ ಟಾಕಿಯ ಹತ್ತಿರ ಬಂದು ಎಡಕ್ಕೆ ಎಳೆಯುತ್ತದೆ, ಆಮೇಲೆ ಬಲಕ್ಕೆ ಎಳೆಯುತ್ತದೆ, ಆಮೇಲೆ ಸುಮ್ಮನೆ ನಿಂತುಬಿಡುತ್ತದೆ ಎಂದ. ಹಳೇ ಗಾಡಿ ಯಾವತ್ತೂ ಹೀಗೆ ಮಾಡಿದ್ದಿಲ್ಲ ಎಂದ. ಎರಡು ಹೆಸರು ಗಾಡಿಯನ್ನು ಎರಡು ಕಡೆ ಎಳೆಯುತ್ತಿವೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಬಾನೆಟ್ ಎತ್ತಿ ನೋಡಿರಿ ಎಂಬ ಮಾತು ಬಾಯಿಯ ತನಕ ಬಂತು, ಹೊರಗೆ ಬರಲಿಲ್ಲ. ಇಡೀ ಊರಿಗೆ ಹೆಸರು ಬರೆಯುವವಳು ಗಂಡನ ಗಾಡಿಗೆ ಮೋಸದ ಕೆಲಸ ಮಾಡಿ ಕಳಿಸಿದಳು ಎಂದು ಜನ ಆಡಿಕೊಳ್ಳುತ್ತಾರಲ್ಲ ಎಂಬ ನಾಚಿಕೆ. ಆ ನಾಚಿಕೆಗಾಗಿ ಮೂರು ದಿನ ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಗುರುವಾರ ಕಲ್ಲಪ್ಪ ತನ್ನ ಲಾರಿ ತೆಗೆದುಕೊಂಡು ಹುಡುಕಲು ಹೋದ. ದಾರಿ ಸಿಗದವರು ನಮ್ಮೂರ ಗಾಡಿಯವರ ಕಣ್ಣಿಗೆ ಬೀಳುವುದಿಲ್ಲ, ಅದು ಎಲ್ಲರಿಗೂ ಗೊತ್ತು, ಆದರೂ ಹೋದ. ಟಾಕಿಯ ಸುತ್ತ ಎರಡು ತಾಸು ತಿರುಗಾಡಿ ಬರಿಗೈಲಿ ಬಂದ. ಅದೇ ಹೊತ್ತಿಗೆ ಯಮನೂರಪ್ಪ ಫೋನಿನಲ್ಲಿ, ಕಲ್ಲಪ್ಪನ ಲಾರಿ ನನ್ನ ಮುಂದೆಯೇ ಹೋಯಿತು, ಟವೆಲ್ಲು ಬೀಸಿದೆ, ಕಲ್ಲು ಸಹ ಎಸೆದೆ, ಅವನು ಬೀಡಿ ಸೇದುತ್ತ ಹೋಗಿಯೇಬಿಟ್ಟ ಎಂದ. ಅವನ ದನಿಯಲ್ಲಿ ನಗು ಇತ್ತು. ಆ ನಗು ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು. ಶುಕ್ರವಾರ ನಾನು ರಾಚಪ್ಪನ ಹೆಂಡತಿಯ ಹತ್ತಿರ ಹೋದೆ, ಹೀಗೆ ಹೊರಗುಳಿದವರಿಗೆ ಮುಂದೆ ಏನಾಗುತ್ತದೆ ಎಂದು ಕೇಳಲು. ಅವಳು ಖೋವಾ ತಿರುವುತ್ತಲೇ ಹೇಳಿದಳು. ಮೊದಲು ಅವರಿಗೆ ಟಾಕಿ ಕಾಣುವುದು ನಿಲ್ಲುತ್ತದೆ. ಆಮೇಲೆ ಮನೆಯ ವಿಷಯ ಒಂದೊಂದಾಗಿ ಕೇಳತೊಡಗುತ್ತಾರೆ. ಕೇಳಿದ್ದಕ್ಕೆ ಉತ್ತರ ಹೇಳಿದರೂ ಮರುದಿನ ಮತ್ತೆ ಅದನ್ನೇ ಕೇಳುತ್ತಾರೆ. ಒಂದು ದಿನ ಕೇಳುವುದನ್ನೂ ಬಿಡುತ್ತಾರೆ. ರಾಚಪ್ಪ ಈಗ ಪೇಡೆಯ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲವಂತೆ.

ಶನಿವಾರ ಬೆಳಿಗ್ಗೆ ಯಮನೂರಪ್ಪ ಫೋನು ಮಾಡಿದ. ಊಟ ಆಯಿತೇ ಎಂದು ಕೇಳಿದೆ, ಹಾಂ ಎಂದ. ಆಮೇಲೆ, "ಕಾಶಿ, ನಮ್ಮನಿ ಬಾಗಲಾ ಯಾವ ಬಣ್ಣದ್ದು?" ಎಂದ.

ಹಸಿರು. ಆ ಬಾಗಿಲಿಗೆ ಹಸಿರು ಬಣ್ಣ ಹಚ್ಚಿದವನು ಅವನೇ. ನಾಚಿಕೆ, ಮರ್ಯಾದೆ ಎಲ್ಲ ಎಲ್ಲಿಗೆ ಹೋದವೋ ಗೊತ್ತಿಲ್ಲ. ಬಾನೆಟ್ ಎತ್ತಿರಿ, ತಂತಿ ಬಿಚ್ಚಿ ಮುಚ್ಚಳ ತಿರುವಿ ನೋಡಿರಿ ಎಂದೆ. ಫೋನನ್ನು ಎಲ್ಲೋ ಇಟ್ಟ ಸದ್ದು, ತಂತಿ ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಅವನ ದನಿ ಬಂತು.

"ನಿನ್ನ ಹೆಸರು ಹಪ್ಪಳದಂಗ ಅರ್ಧ ಎದ್ದೈತಿ. ಅದರ ಬುಡಕ ಇನ್ನೊಂದು ಹೆಸರು ಐತಿ. ಫಕೀರವ್ವ ಅಂತ."

ನಾನು ಎಲ್ಲ ಹೇಳಿದೆ. ಕರಿ ಬಣ್ಣದ ವಿಷಯ ಹೇಳಿದೆ, ಮೂರು ದಿನ ಬಾಯಿ ಬಿಡದೆ ಕೂತ ವಿಷಯವನ್ನೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಫಕೀರವ್ವನ ಹೆಸರನ್ನು ಕೆರೆಯುತ್ತೇನೆ ಎಂದ. ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ ತಿಕ್ಕಿದ, ಸ್ಕ್ರೂಡ್ರೈವರಿನಿಂದ ಕೆದಕಿದ. ವರ್ಷಗಟ್ಟಲೆ ಎಂಜಿನ್ನಿನ ಬಿಸಿ ಕುಡಿದು ಗಟ್ಟಿಯಾದ ಬಣ್ಣ ಅದು, ನನ್ನ ಮಾವ ಬರೆದದ್ದು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ಇನ್ನೂ ಜೋರಾಗಿ ಕೆದಕಿದರೆ ಮುಚ್ಚಳವೇ ಸೀಳುತ್ತದೆ ಎಂದ. ನನ್ನ ಹೆಸರು ಹೇಗಿದೆ ಎಂದು ಕೇಳಿದೆ. ಉಗುರು ತಾಗಿದರೆ ಉದುರುತ್ತಿದೆ ಎಂದ.

ಮಾಡಬೇಕಾದದ್ದು ಏನು ಎಂದು ಇಬ್ಬರಿಗೂ ತಿಳಿಯಿತು. ನಾನೇ ಹೇಳಬೇಕಾಯಿತು.

"ನಂದು ಕೆರದ ಒಗೀರಿ."

"ಇಪ್ಪತ್ತೆರಡು ವರ್ಷಾತು ನಾ ನಿನ್ನ ಹೆಸರಿಗೆ ಬರಾಕತ್ತಿ," ಎಂದ. "ಇನ್ನೊಬ್ಬರ ಹೆಸರಿಗೆ ನಾ ಬರಂಗಿಲ್ಲ."

"ನನ್ನ ಹೆಸರು ಇದ್ದು ನೀವ ಇಲ್ಲಂದ್ರ ಅದನ್ನ ತಗೊಂಡು ನಾ ಏನ ಮಾಡ್ಲಿ? ನಾಳೆ ನೀವು ನನ್ನ ಹೆಸರೂ ಕೇಳ್ತೀರಿ. ಅದಕ್ಕ ಮೊದಲ ಕೆರೀರಿ."

ಅವನು ಫೋನು ಇಡಲಿಲ್ಲ. ಉಗುರು ಪ್ಲಾಸ್ಟಿಕ್ಕಿನ ಮೇಲೆ ಆಡುವ ಸದ್ದು ನನ್ನ ಕಿವಿಯಲ್ಲೇ ಆಯಿತು. ನಾನು ಅಳುತ್ತಿದ್ದೆ, ಅವನಿಗೆ ಕೇಳಿಸಬಾರದೆಂದು ಸೆರಗು ಕಚ್ಚಿಕೊಂಡಿದ್ದೆ. ಆಯಿತು ಎಂದ. ಹೊರಡಿರಿ, ನಿಮ್ಮನ್ನು ಗಾಡಿಯೇ ಕರೆತರುತ್ತದೆ ಎಂದೆ.

ಫಕೀರವ್ವನ ಮನೆಗೆ ಓಡಿದೆ. ಅವಳು ವ್ಯಾನಿನ ಗಾಜು ಒರೆಸುತ್ತಿದ್ದಳು. ಅವಳ ಕಾಲ ಹತ್ತಿರ ಕೂತು ಮತ್ತೆ ಎಲ್ಲವನ್ನೂ ಹೇಳಿದೆ, ಗಾಡಿ ಈಗ ನಿನ್ನ ಬಾಗಿಲಿಗೆ ಬರುತ್ತದೆ, ಹೊರಗೆಲ್ಲೂ ಹೋಗಬೇಡ ಆಯಿ ಎಂದು ಬೇಡಿಕೊಂಡೆ. "ಅಳಸಲಿಲ್ಲ ನೀ, ಮುಚ್ಚಿದಿ," ಎಂದಳು. ಅಷ್ಟೇ ಎಂದು, ಒದ್ದೆ ಬಟ್ಟೆಯನ್ನು ಹಿಂಡಿ ತಂತಿಗೆ ಹಾಕಿ, ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು.

ಹನ್ನೆರಡೂವರೆಗೆ ಪಿಕಪ್ ಕುಂಬಾರ ಓಣಿಗೆ ಬಂತು, ಅಂಗಳದಲ್ಲಿ ಆ ಸತ್ತ ವ್ಯಾನಿನ ಹಿಂದೆ ನಿಂತಿತು. ಯಮನೂರಪ್ಪ ಇಳಿದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಅವನು ಮೊದಲು ಬಾಗಿಲು ನೋಡಿದ. ಅದು ಕಂದು ಬಣ್ಣದ್ದು. ಆಮೇಲೆ ನನ್ನನ್ನು ನೋಡಿ, ಇನ್ನೂ ಏನೋ ಲೆಕ್ಕ ಹಾಕುವವನಂತೆ ನಿಂತ. ನನಗೆ ಓಡಿ ಹೋಗಿ ಹಿಡಿದುಕೊಳ್ಳಬೇಕು ಎನಿಸಿತು, ಆದರೆ ಅದು ನನ್ನ ಅಂಗಳವಲ್ಲ, ನನ್ನ ಹೆಸರಿಗೆ ಬಂದ ಗಾಡಿಯೂ ಅಲ್ಲ. ಫಕೀರವ್ವ ಚೊಂಬಿನಲ್ಲಿ ನೀರು ತಂದಳು. ಕೈಕಾಲು ತೊಳೆದುಕೋ ಅಡಿವೆಪ್ಪ, ಎಂದಳು.

ಅವನು ತೊಳೆದುಕೊಂಡ, ಪಡಸಾಲೆಯಲ್ಲಿ ಕೂತ. ಅವಳು ಅನ್ನ, ಬೇಳೆ, ಮಜ್ಜಿಗೆ ಬಡಿಸಿದಳು. ಅವನು ಉಣ್ಣುವುದನ್ನು ಅವಳು ಎದುರಿಗೆ ಕೂತು ನೋಡಿದಳು, ನಾನು ಕಂಬದ ಹತ್ತಿರ ನಿಂತು ನೋಡಿದೆ. ಸುಳ್ಳು ಯಾಕೆ ಹೇಳಲಿ, ಆ ಮುದುಕಿಯ ಮೇಲೆ ಹೊಟ್ಟೆಕಿಚ್ಚಾಯಿತು. ನಾಲ್ಕು ದಿನ ಕಾದವಳು ನಾನು, ಬಡಿಸುತ್ತಿರುವವಳು ಇವಳು ಎಂದು. ನಾಲ್ಕನೆಯ ತುತ್ತು ನುಂಗಿದ ಮೇಲೆ ಯಮನೂರಪ್ಪನ ಕಣ್ಣು ತಿಳಿಯಾಯಿತು. ತಲೆ ಎತ್ತಿ ನನ್ನನ್ನು ನೋಡಿ, "ಹಸರ," ಎಂದ.

ಅವನು ಕೈ ತೊಳೆಯಲು ಹೋದಾಗ ಫಕೀರವ್ವ ನನ್ನ ಕಡೆ ತಿರುಗಿದಳು. "ಇವ ನನ್ನ ಮಗ ಅಲ್ಲ ಅನ್ನೂದು ನನಗ ಗೊತ್ತೈತಿ ತಂಗಿ. ನನ್ನ ಬುದ್ಧಿ ಕೆಟ್ಟಿಲ್ಲ. ಹನ್ನೊಂದು ವರ್ಷ ಆ ಹೆಸರು ಹಿಡದು ಯಾರನ್ನೂ ಊಟಕ್ಕ ಕರದಿದ್ದಿಲ್ಲ, ಕರದ್ನಿ ಅಷ್ಟ," ಎಂದಳು.

ಮರುದಿನ ನಾನು ಮುಚ್ಚಳವನ್ನು ಮನೆಗೆ ತಂದು ಬಿಸಿಲಲ್ಲಿಟ್ಟು ಪರೀಕ್ಷಿಸಿದೆ. ಈ ಸಲ ಫಕೀರವ್ವನೇ ಕೆರಿ ಎಂದಿದ್ದಳು, ನಿನ್ನ ಗಂಡ ನಿನ್ನ ಬಾಗಿಲಿಗೆ ಬರಲಿ ಎಂದಿದ್ದಳು. ಸಣ್ಣ ಉಳಿಯಿಂದ ಮೊದಲ ಅಕ್ಷರದ ಕೊನೆಗೆ ಒಮ್ಮೆ ತಾಗಿಸಿದೆ. ಚಿಟ್ ಎಂದು ಕೂದಲೆಳೆಯಂಥ ಬಿರುಕು ಅಂಚಿನವರೆಗೆ ಓಡಿತು. ಉಳಿ ಕೆಳಗಿಟ್ಟೆ. ಪ್ಲಾಸ್ಟಿಕ್ಕು ಹಳತಾಗಿ ಹಪ್ಪಳವಾಗಿತ್ತು. ಇನ್ನೊಂದು ಏಟಿಗೆ ನಮ್ಮ ಹತ್ತಿರ ಮುಚ್ಚಳವೇ ಇರುತ್ತಿರಲಿಲ್ಲ. ಬಿರುಕಿಗೆ ಅಂಟು ಹಾಕಿ, ತಂತಿಯ ಕೆಳಗೆ ಟ್ಯೂಬಿನ ರಬ್ಬರು ಇಟ್ಟು ಮತ್ತೆ ಕಟ್ಟಿಸಿದೆ.

ಹೀಗೆ ಎರಡು ವರ್ಷ ನಡೆಯಿತು. ಯಮನೂರಪ್ಪ ಮಂಗಳವಾರ ಹೋಗುತ್ತಿದ್ದ, ಬುಧವಾರ ಫಕೀರವ್ವನ ಅಂಗಳಕ್ಕೆ ಬರುತ್ತಿದ್ದ, ಅಲ್ಲಿ ಉಂಡು ಮೂರು ಓಣಿ ನಡೆದು ಮನೆಗೆ ಬರುತ್ತಿದ್ದ. ನಾನು ಬುಧವಾರ ಬೆಳಿಗ್ಗೆಯೇ ಅವಳ ಮನೆಗೆ ಹೋಗಿ ಕಸ ಹೊಡೆದು, ನೀರು ತುಂಬಿ, ಕಾಯಿಪಲ್ಯ ಹೆಚ್ಚಿಕೊಡುತ್ತಿದ್ದೆ. ಬಡಿಸಲು ಮಾತ್ರ ಅವಳು ಬಿಡುತ್ತಿರಲಿಲ್ಲ. ಊರವರು ಇದನ್ನು ನೋಡಿ ಕಾಶವ್ವನಿಗೆ ಮುದುಕಿಯ ಮೇಲೆ ಎಷ್ಟು ಪ್ರೀತಿ ಎನ್ನುತ್ತಿದ್ದರು. ಒಳಗಿನದು ನನಗೊಬ್ಬಳಿಗೇ ಗೊತ್ತಿತ್ತು. ಅವಳು ಕೆಮ್ಮಿದರೆ ಆಗಲೇ ಕಷಾಯಕ್ಕೆ ನೀರಿಡುತ್ತಿದ್ದೆ. ಅಂಗಳದಲ್ಲಿ ಪಾಚಿ ಕಂಡರೆ ಮೊಣಕಾಲೂರಿ ತಿಕ್ಕುತ್ತಿದ್ದೆ, ಅವಳು ಜಾರಬಾರದೆಂದು. ಎಂಬತ್ತರ ಮುದುಕಿಯ ಉಸಿರಿಗೆ ನನ್ನ ಗಂಡನನ್ನು ಕಟ್ಟಿ ಹಾಕಿದ್ದೆ. ಹೋಗುವುದು ಬೇಡ ಎಂದು ಅವನಿಗೆ ಎಷ್ಟೋ ಸಲ ಹೇಳಿದೆ. ಬೇಳೆ ಯಾರು ತರುತ್ತಾರೆ, ಔಷಧಿ ಯಾರು ತರುತ್ತಾರೆ ಎನ್ನುತ್ತಿದ್ದ.

ಕಳೆದ ತಿಂಗಳು ಒಂದು ಬುಧವಾರ ನಾನು ಹೋದಾಗ ಬಾಗಿಲು ಮುಂದೆ ಮಾಡಿತ್ತು, ವ್ಯಾನಿನ ಗಾಜು ಒರೆಸಿರಲಿಲ್ಲ. ಫಕೀರವ್ವ ಚಾಪೆಯ ಮೇಲೆ ಮಲಗಿದ್ದಳು. ಮೈ ಸುಡುತ್ತಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಡಾಕ್ಟರನ್ನು ಕರೆತಂದೆ. ಎದೆಯಲ್ಲಿ ನೀರು ತುಂಬಿದೆ, ಇಂಜೆಕ್ಷನ್ ಕೊಟ್ಟಿದ್ದೇನೆ, ನನ್ನ ಹತ್ತಿರ ಇರುವುದು ಇದೇ ಕೊನೆಯದು, ಉಳಿದದ್ದು ನಿನ್ನ ಗಂಡ ತರುವ ಪೆಟ್ಟಿಗೆಯಲ್ಲಿದೆ ಎಂದ. ನಾನು ಹೊರಗೆ ಬಂದು ಯಮನೂರಪ್ಪನಿಗೆ ಫೋನು ಮಾಡಿದೆ. ಈ ಸಲ ಗೋದಾಮು ತಡವಾಗಿ ತೆರೆಯಿತು, ಇನ್ನೂ ಬೇಳೆ ಹೇರುತ್ತಿದ್ದಾರೆ ಎಂದ. ಬೇಳೆ ಇದ್ದಲ್ಲೇ ಬಿಟ್ಟು ಔಷಧಿ ಪೆಟ್ಟಿಗೆ ಇಟ್ಟುಕೊಂಡು ಈಗಲೇ ಹೊರಡಿರಿ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ನಾಲ್ಕು ತಾಸಿನ ದಾರಿ.

ಒಳಗೆ ಹೋಗಿ ತಲೆಯ ಹತ್ತಿರ ಕೂತೆ, ಒದ್ದೆ ಬಟ್ಟೆ ಹಣೆಗೆ ಹಾಕಿದೆ. ಅವಳು ಕಣ್ಣು ಬಿಟ್ಟು ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಿದಳು. ಐದಕ್ಕೆ ಎಂದೆ.

"ಐದರ ತನಕ ಇರ್ತೀನಿ," ಎಂದಳು. ಉಸಿರು ಸುಧಾರಿಸಿಕೊಂಡು ಮತ್ತೆ ಹೇಳಿದಳು, "ನಿದ್ದಿ ಎಳಿಯಾಕತ್ತೈತಿ. ಮಲಗಿದ್ರ ಏಳಂಗಿಲ್ಲ ನಾ. ನೀ ನನ್ನ ಹೆಸರು ಹಿಡದು ಕರಕೋತ ಇರು. ಓ ಅಂತೀನಿ."

ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇಲ್ಲ. ಆ ಹೆಸರಿನ ಒಂದೊಂದು ಗೆರೆಯೂ ನನಗೆ ಗೊತ್ತಿತ್ತು, ಬಾಯಿಂದ ಮಾತ್ರ ಯಾವತ್ತೂ ಅವಳೆದುರು ಬಂದಿರಲಿಲ್ಲ. ಫಕೀರವ್ವ, ಎಂದೆ. ಓ, ಎಂದಳು. ಒಂದು ಗಂಟೆ ಆಯಿತು. ಫಕೀರವ್ವ, ಎಂದೆ. ಓ, ಎಂದಳು. ಪಕ್ಕದ ಮನೆಯವರು ಗಂಜಿ ತಂದಿಟ್ಟು ಹೋದರು. ಎರಡೂವರೆಗೆ ಕರೆದಾಗ ಓ ಎನ್ನುವುದಕ್ಕೆ ತಡವಾಯಿತು, ನನ್ನ ಕಣ್ಣಿಗೆ ಟಾಕಿಯೂ, ಖಾಲಿ ಹೊಲವೂ, ಟವೆಲ್ಲು ಬೀಸುತ್ತ ನಿಂತ ನನ್ನ ಗಂಡನೂ ಕಂಡಂತಾಯಿತು. ಭುಜ ಹಿಡಿದು ಅಲುಗಾಡಿಸಿದೆ. ಓ, ಎಂದಳು. ಮೂರೂವರೆಗೆ ಅವಳ ಕೈ ನನ್ನ ಕೈಯೊಳಗಿತ್ತು, ಯಾವಾಗ ಹಿಡಿದೆನೋ ತಿಳಿಯದು. ನಾಲ್ಕೂವರೆ ಹೊತ್ತಿಗೆ ಅವಳು ಓ ಎನ್ನುವುದು ತುಟಿಯಲ್ಲಿ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನು ಬಂತು. ತಿರುವು ಸಿಕ್ಕಿತು, ಟಾಕಿ ದಾಟಿದೆ, ಸಂತೆ ಮೈದಾನದಲ್ಲಿದ್ದೇನೆ ಎಂದ ಯಮನೂರಪ್ಪ. ಊರೊಳಗೆ ಬಂದವನಿಗೆ ಇನ್ನು ಯಾರ ಹೆಸರೂ ಬೇಕಿಲ್ಲ. ಫೋನು ನೆಲದ ಮೇಲಿಟ್ಟೆ. ಅವಳ ಕಿವಿಯ ಹತ್ತಿರ ಬಗ್ಗಿ, ಫಕೀರವ್ವ, ಎಂದೆ. ತುಟಿ ಅಲುಗಲಿಲ್ಲ. ಇನ್ನೂ ಹತ್ತಿರ ಬಗ್ಗಿ ಮತ್ತೆ ಕರೆದೆ.